ಮನೆ ಬಾಗಿಲಿಗೆ ಬರುವ ಬಿಲ್ಲಿಲ್ಲದ ಡಿ.ಎ.ಪಿ.: ಬಿತ್ತನೆಗೆ ಮೊದಲು ಎಚ್ಚರ

ಮುಂಗಾರು ಬಿತ್ತನೆಯ ಹೊತ್ತಿಗೆ ಸೊಸೈಟಿಯಲ್ಲೂ ಅಂಗಡಿಯಲ್ಲೂ ಡಿ.ಎ.ಪಿ. (ಡೈಅಮೋನಿಯಂ ಫಾಸ್ಫೇಟ್ ಎಂಬ ರಸಗೊಬ್ಬರ) ಸಿಗದೆ ರೈತರು ಪರದಾಡುವಾಗ, ಊರಿಗೇ ವಾಹನ ತಂದು ‘ಕಂಪನಿಯಿಂದ ನೇರವಾಗಿ ಬಂದ ಮಾಲು, ಆಧಾರ್ ಬೇಡ, ಹೆಬ್ಬೆಟ್ಟು ಒತ್ತುವುದೂ ಬೇಡ’ ಎಂದು ಹೇಳಿ ಮಾರುವವರಿಂದ ದಯವಿಟ್ಟು ಒಂದು ಚೀಲವನ್ನೂ ಕೊಳ್ಳಬೇಡಿ. ಕಳೆದ ಮುಂಗಾರಿನಲ್ಲಿ ಹಾವೇರಿ ಜಿಲ್ಲೆಯ ನಮ್ಮ ಊರಿನ ಹಲವು ಮನೆಗಳವರು ಹೀಗೆ ಬಂದ ಗೊಬ್ಬರವನ್ನು ಗೋವಿನಜೋಳಕ್ಕೆ ತಳಗೊಬ್ಬರವಾಗಿ ಹಾಕಿದರು. ಆ ಮನೆಗಳಲ್ಲಿ ನಮ್ಮದೂ ಒಂದು. ಮಾರಿದವರು ಯಾರೆಂಬುದು ಇಂದಿಗೂ ನಮಗೆ ತಿಳಿದಿಲ್ಲ.

ಅವರು ಕೇಳಿದ ಬೆಲೆ ಚೀಲಕ್ಕೆ 1,200 ರೂಪಾಯಿ. ಐವತ್ತು ಕಿಲೋ ಡಿ.ಎ.ಪಿ. ಚೀಲದ ಗರಿಷ್ಠ ಮಾರಾಟ ಬೆಲೆ 1,350 ರೂಪಾಯಿ ಇರುವಾಗ ನೂರೈವತ್ತು ರೂಪಾಯಿ ಉಳಿಯಿತಲ್ಲ ಎಂದು ಎಲ್ಲರಿಗೂ ಅನ್ನಿಸುವುದು ಸಹಜ. ಆದರೆ ಈ 1,350 ರೂಪಾಯಿ ಗೊಬ್ಬರದ ನಿಜವಾದ ವೆಚ್ಚವಲ್ಲ. ಉಳಿದ ಹಣವನ್ನು ಕೇಂದ್ರ ಸರ್ಕಾರ ಸಹಾಯಧನವಾಗಿ ಕಂಪನಿಗೆ ಕೊಡುತ್ತದೆ, ಅದನ್ನೂ ಚಿಲ್ಲರೆ ಮಾರಾಟಗಾರನ ಪಿ.ಒ.ಎಸ್. ಯಂತ್ರದಲ್ಲಿ (ಆಧಾರ್ ಸಂಖ್ಯೆ ಕೊಟ್ಟು ಹೆಬ್ಬೆಟ್ಟು ಒತ್ತುವ ಮಾರಾಟ ಯಂತ್ರ) ರೈತನ ಹೆಸರಿಗೆ ಮಾರಾಟ ದಾಖಲಾದ ಮೇಲೆಯೇ ಕೊಡುತ್ತದೆ. 2018ರಿಂದ ದೇಶದಾದ್ಯಂತ ಇದೇ ಪದ್ಧತಿ. ಹೀಗಿರುವಾಗ ಯಂತ್ರದಲ್ಲಿ ದಾಖಲಿಸದೆ, ಸಹಾಯಧನವನ್ನೂ ಬಿಟ್ಟುಕೊಟ್ಟು, ಅಸಲಿ ಡಿ.ಎ.ಪಿ.ಯನ್ನು ಇನ್ನೂ ಕಡಿಮೆಗೆ ಮಾರಲು ಯಾವ ಕಂಪನಿಗೆ ಸಾಧ್ಯ? ಹೆಬ್ಬೆಟ್ಟು ಬೇಡ ಎನ್ನುವ ಮಾತೇ ಮಾಲು ಅಸಲಿಯಲ್ಲ ಎಂಬುದಕ್ಕೆ ಸಾಕಷ್ಟು ದೊಡ್ಡ ಸೂಚನೆ.

ಚೀಲವನ್ನು ಸಿದ್ಧಪಡಿಸಿದ್ದ ರೀತಿಯಲ್ಲಿ ಜಾಣತನವಿತ್ತು. ಮುಂಭಾಗದಲ್ಲಿ ‘ಡಿ.ಎ.ಪಿ.’ ಎಂಬ ಅಕ್ಷರಗಳೂ 18-46 (ಅಂದರೆ ಶೇಕಡ 18 ಸಾರಜನಕ, ಶೇಕಡ 46 ರಂಜಕ) ಎಂಬ ಅಂಕಿಗಳೂ ದೂರಕ್ಕೆ ಕಾಣುವಷ್ಟು ದಪ್ಪವಾಗಿದ್ದವು. ಹಿಂಬದಿಯ ಕೆಳಮೂಲೆಯಲ್ಲಿ, ಮಡಿಕೆ ಬೀಳುವ ಜಾಗದಲ್ಲಿ, ‘ಸಾವಯವ ಮಣ್ಣು ಸುಧಾರಕ’ ಎಂದು ಸಣ್ಣಕ್ಷರಗಳಲ್ಲಿ ಅಚ್ಚಾಗಿತ್ತು. ಬ್ಯಾಚ್ ಸಂಖ್ಯೆ ಇರಲಿಲ್ಲ, ತಯಾರಕರ ವಿಳಾಸ ಅಪೂರ್ಣವಾಗಿತ್ತು. 2022ರ ಅಕ್ಟೋಬರ್‌ನಿಂದ ಸಹಾಯಧನದ ಗೊಬ್ಬರಗಳೆಲ್ಲ ‘ಭಾರತ್’ ಎಂಬ ಒಂದೇ ಹೆಸರಿನ, ಒಂದೇ ವಿನ್ಯಾಸದ ಚೀಲಗಳಲ್ಲಿ ಬರಲಾರಂಭಿಸಿದ ಮೇಲೆ, ಮೊದಲಿನಂತೆ ಕಂಪನಿಯ ಬಣ್ಣ ನೋಡಿ ಚೀಲ ಗುರುತಿಸುವ ರೂಢಿ ನಮ್ಮಲ್ಲಿ ತಪ್ಪಿಹೋಗಿದೆ. ವಂಚಕರಿಗೆ ಇದರಿಂದ ಅನುಕೂಲವೇ ಆಗಿದೆ ಎಂಬುದು ನನ್ನ ಅಭಿಪ್ರಾಯ.

ಮೊಳಕೆಯೇನೋ ಚೆನ್ನಾಗಿಯೇ ಬಂತು. ಎಳೆಯ ಸಸಿ ಮೊದಲ ದಿನಗಳನ್ನು ಬೀಜದಲ್ಲಿರುವ ಸಂಗ್ರಹದಿಂದಲೇ ಕಳೆಯುವುದರಿಂದ ಆಗ ಏನೂ ತಿಳಿಯುವುದಿಲ್ಲ. ಆ ಸಂಗ್ರಹ ಮುಗಿಯುತ್ತಿದ್ದಂತೆ ಕೆಳಗಿನ ಎಲೆಗಳ ತುದಿ ಮತ್ತು ಅಂಚು ರಂಜಕದ ಕೊರತೆಯ ಗುರುತಾದ ನೇರಳೆ ಬಣ್ಣಕ್ಕೆ ತಿರುಗಿದವು, ಬೆಳೆ ನೆಲ ಬಿಟ್ಟು ಏಳಲಿಲ್ಲ. ತಂಪು ಹವೆಯಲ್ಲಿ ಅಥವಾ ಕೆಲವು ತಳಿಗಳಲ್ಲಿ ಗೊಬ್ಬರ ಸರಿಯಿದ್ದರೂ ಈ ಬಣ್ಣ ಕಾಣಿಸಿಕೊಳ್ಳುತ್ತದೆ ಎಂಬುದು ನಿಜ. ಆದರೆ ಹಿಂದಿನ ವರ್ಷ ಉಳಿದಿದ್ದ ಅಸಲಿ ಡಿ.ಎ.ಪಿ.ಯನ್ನು ಬದುವಿನ ಪಕ್ಕದ ಕೆಲವು ಸಾಲುಗಳಿಗೆ ಹಾಕಿದ್ದೆವು. ಅದೇ ಬೀಜ, ಅದೇ ದಿನದ ಬಿತ್ತನೆ, ಅದೇ ಮಳೆ. ಆ ಸಾಲುಗಳು ಕಡುಹಸಿರಾಗಿ ಮೊಣಕಾಲೆತ್ತರ ಬೆಳೆದು ನಿಂತಾಗ ಪಕ್ಕದ ಸಾಲುಗಳು ಗೇಣುದ್ದವನ್ನೂ ದಾಟಿರಲಿಲ್ಲ.

ಚೀಲದ ತಳದಲ್ಲಿ ಉಳಿದಿದ್ದ ಹರಳುಗಳನ್ನು ಆಗ ಪರೀಕ್ಷಿಸಿ ನೋಡಿದೆವು. ಅಸಲಿ ಹರಳು ಗಟ್ಟಿಯಾಗಿದ್ದು ಉಗುರಿಗೆ ಸುಲಭವಾಗಿ ಒಡೆಯುವುದಿಲ್ಲ. ಇದು ಒತ್ತಿದೊಡನೆ ಪುಡಿಯಾಯಿತು, ಮೇಲ್ಪದರ ಮಾತ್ರ ಕಂದು, ಒಳಗೆಲ್ಲ ಬೂದಿ ಬಣ್ಣದ ಹಿಟ್ಟು. ಗಾಜಿನ ಲೋಟದ ನೀರಿಗೆ ಹಾಕಿ ಕಲಕಿದಾಗ ಬಣ್ಣ ನೀರಿಗೆ ಬಿಟ್ಟು, ಒಂದು ಬೆರಳು ದಪ್ಪದ ಜೇಡಿ ತಳದಲ್ಲಿ ಕುಳಿತಿತು. ಕಾದ ಹಂಚಿನ ಮೇಲೆ ಅಸಲಿ ಡಿ.ಎ.ಪಿ. ಹರಳುಗಳು ಉಬ್ಬುತ್ತವೆ, ಇವು ಇದ್ದಂತೆಯೇ ಇದ್ದು ಮಣ್ಣಿನ ವಾಸನೆ ಬಿಟ್ಟವು. ಎಲೆಯಡಿಕೆಯ ಸುಣ್ಣದೊಂದಿಗೆ ಅಂಗೈಯಲ್ಲಿ ತಿಕ್ಕಿ ಘಾಟು ಬರುವುದೇ ಎಂದು ನೋಡುವ ಪದ್ಧತಿ ನಮ್ಮ ಹಿರಿಯರಲ್ಲಿ ಬಹಳ ಪ್ರಚಲಿತ. ಆದರೆ ಅದೊಂದನ್ನೇ ನಂಬಬಾರದು: ಆ ಘಾಟು ಅಮೋನಿಯಾದ್ದು, ಜೇಡಿಗೆ ಒಂದಿಷ್ಟು ಅಮೋನಿಯಂ ಸಲ್ಫೇಟ್ ಬೆರೆಸಿದ್ದರೂ ಅದು ಬರುತ್ತದೆ. ರಂಜಕ ಇದೆಯೋ ಇಲ್ಲವೋ ಎಂಬುದನ್ನು ಸುಣ್ಣ ಹೇಳುವುದಿಲ್ಲ, ನಾವು ಡಿ.ಎ.ಪಿ. ಹಾಕುವುದೋ ಮುಖ್ಯವಾಗಿ ರಂಜಕಕ್ಕಾಗಿ.

ನಷ್ಟ ದೊಡ್ಡದಾಗಲು ಕಾರಣವೂ ಇದೇ. ಸಾರಜನಕ ಕಡಿಮೆಯಾದರೆ ಯೂರಿಯಾವನ್ನು ಮೇಲುಗೊಬ್ಬರವಾಗಿ ಕೊಟ್ಟು ಬೆಳೆಯನ್ನು ಎಬ್ಬಿಸಬಹುದು. ರಂಜಕ ಹಾಗಲ್ಲ, ಅದು ಮಣ್ಣಿನಲ್ಲಿ ಬಿದ್ದಲ್ಲಿಂದ ಹೆಚ್ಚು ಸರಿಯುವುದಿಲ್ಲವಾದ್ದರಿಂದ, ಬಿತ್ತುವಾಗಲೇ ಬೇರಿನ ಹಾದಿಯಲ್ಲಿ ಇರಬೇಕು. ಯಾರೋ ಹೇಳಿದರೆಂದು, ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇಕಡ 19ರಷ್ಟಿರುವ, ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಸಿಂಪಡಿಸಿದ್ದಾಯಿತು. ಎಕರೆಗೆ 200 ಲೀಟರ್ ನೀರಿಗೆ ಎರಡು ಕಿಲೋ ಬೆರೆಸಿದರೆ ಬೆಳೆಗೆ ಸಿಗುವ ರಂಜಕ ನಾನೂರು ಗ್ರಾಂ ಕೂಡ ಅಲ್ಲ, ಒಂದು ಚೀಲ ಡಿ.ಎ.ಪಿ.ಯಲ್ಲಿರುವುದು 23 ಕಿಲೋ. ಎಲೆ ಸ್ವಲ್ಪ ಹಸಿರಾಯಿತು, ತೆನೆ ಗಿಡ್ಡವಾಗಿಯೇ ಉಳಿಯಿತು.

ರೈತ ಸಂಪರ್ಕ ಕೇಂದ್ರಕ್ಕೆ ಹೋದಾಗ ಅಲ್ಲಿನವರು ಮೊದಲು ಕೇಳಿದ್ದು ಬಿಲ್ಲು. ನಮ್ಮ ಬಳಿ ಇದ್ದದ್ದು ಪೆನ್ನಿನಲ್ಲಿ ಮೊತ್ತ ಬರೆದ ಹಾಳೆಯ ತುಂಡು. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಮಾರಾಟಗಾರನಿಗೆ ಕೃಷಿ ಇಲಾಖೆಯ ಅಧಿಕಾರ ಪತ್ರ ಇರಬೇಕು, ಕೊಂಡವರಿಗೆ ರಸೀದಿ ಕೊಡಬೇಕು, ಮೊಕದ್ದಮೆಗೆ ಬೇಕಾದ ಮಾದರಿಯನ್ನು ರಸಗೊಬ್ಬರ ನಿರೀಕ್ಷಕರೇ ನಿಯಮದಂತೆ ತೆಗೆಯಬೇಕು. ಬಾಯಿ ಬಿಚ್ಚಿದ ನಮ್ಮ ಚೀಲ, ಹೆಸರಿಲ್ಲದ ಮಾರಾಟಗಾರ, ಅಂಗಡಿಯೇ ಇಲ್ಲದ ವ್ಯಾಪಾರ, ಇವುಗಳ ಮೇಲೆ ಯಾವ ಪ್ರಕರಣ ನಿಲ್ಲುತ್ತದೆ? ಆದ್ದರಿಂದ ಇಂಥ ವಾಹನ ಊರಿಗೆ ಬಂದದ್ದು ಕಂಡ ಕೂಡಲೇ, ಮಾಲು ಇನ್ನೂ ಅದರಲ್ಲಿರುವಾಗಲೇ, ಕೃಷಿ ಅಧಿಕಾರಿಗಳಿಗೆ ಫೋನ್ ಮಾಡಿ, ವಾಹನದ ಸಂಖ್ಯೆಯ ಫೋಟೋ ತೆಗೆದುಕೊಳ್ಳಿ. ಅಂಗಡಿಯಲ್ಲೇ ಕೊಂಡರೂ ಬಿಲ್ಲು, ಖಾಲಿ ಚೀಲ ಮತ್ತು ಒಂದು ಹಿಡಿ ಗೊಬ್ಬರವನ್ನು ಕಟಾವಿನವರೆಗೆ ಇಟ್ಟುಕೊಳ್ಳಿ.

ಡಿ.ಎ.ಪಿ. ಸಿಗದಿದ್ದರೆ ಬಿತ್ತನೆ ನಿಲ್ಲಬೇಕಾಗಿಯೂ ಇಲ್ಲ. ಮೂರು ಚೀಲ ಸಿಂಗಲ್ ಸೂಪರ್ ಫಾಸ್ಫೇಟ್‌ನಲ್ಲಿ 24 ಕಿಲೋ ರಂಜಕ, 20 ಕಿಲೋ ಯೂರಿಯಾದಲ್ಲಿ ಒಂಬತ್ತು ಕಿಲೋಗಿಂತ ತುಸು ಹೆಚ್ಚು ಸಾರಜನಕ ಇರುವುದರಿಂದ, ಇವೆರಡೂ ಸೇರಿದರೆ ಒಂದು ಚೀಲ ಡಿ.ಎ.ಪಿ.ಗೆ ಸಮ. ಡಿ.ಎ.ಪಿ.ಯಲ್ಲಿಲ್ಲದ ಗಂಧಕವೂ ಸುಮಾರು 16 ಕಿಲೋದಷ್ಟು ಬೆಳೆಗೆ ಸಿಗುತ್ತದೆ. ಮಳೆಯಾಶ್ರಿತ ಗೋವಿನಜೋಳಕ್ಕೆ ಒಂದು ಎಕರೆಗೆ ಇಷ್ಟು ರಂಜಕ ಸಾಕು. ಹೊರುವ ಭಾರ ಹೆಚ್ಚು, ಕೂಲಿ ಹೆಚ್ಚು ಎಂಬುದು ಒಪ್ಪತಕ್ಕದ್ದೇ. ಎರಡನ್ನೂ ಬೆರೆಸಿಟ್ಟರೆ ಜಿನುಗಿ ಮುದ್ದೆಯಾಗುವುದರಿಂದ, ಹೊಲಕ್ಕೆ ಒಯ್ದ ಮೇಲೆಯೇ ಬೆರೆಸಿ, ಅದೇ ದಿನ ಹಾಕಿ ಮುಗಿಸಬೇಕು.