ಕೀಬೋರ್ಡಿನ 'ಆ'ಕಾರ: ನಾಲ್ಕು ವರ್ಷ ನುಡಿಸಿದ ಮೇಲೆ

ತುಮಕೂರಿನ ಎಸ್.ಎಸ್. ಪುರಂ ಕಡೆ ನಮ್ಮದೊಂದು ಭಜನಾ ಮಂಡಳಿ. 61 ಕೀಗಳ ಕೀಬೋರ್ಡ್ ತಗೊಂಡು 4 ವರ್ಷ ಆಯ್ತು. ಕೊಂಡಿದ್ದೇ ಅದರೊಳಗಿನ ಮನುಷ್ಯರ ದನಿಗಾಗಿ. ನಮ್ಮಲ್ಲಿ ತಾರಸ್ಥಾಯಿ ಮುಟ್ಟುತ್ತಿದ್ದವರು ಒಬ್ಬರೇ. ಅವರು ಮದುವೆಯಾಗಿ ಶಿರಾ ಸೇರಿದ ಮೇಲೆ ಪಲ್ಲವಿ ಎತ್ತಿದರೆ ಹಿಂದೆ ತುಂಬುದನಿಯೇ ಇರ್ತಿರಲಿಲ್ಲ.

ಜನರಲ್ ಮಿಡಿ, ಅಂದರೆ ಎಲ್ಲ ಕಂಪನಿಗಳೂ ಒಪ್ಪಿದ ದನಿಗಳ ಪಟ್ಟಿ, ಇರುವ ಯಾವ ಕೀಬೋರ್ಡಿನಲ್ಲೂ ಆ ಪಟ್ಟಿಯ 53ನೇದು ಕಾಯರ್ ಆಹ್ಸ್ (ಗುಂಪಾಗಿ 'ಆ' ಅನ್ನುವ ದನಿ), 54 ವಾಯ್ಸ್ ಊಸ್ ('ಊ' ಅನ್ನುವುದು), 55 ಸಿಂತ್ ವಾಯ್ಸ್ (ಯಂತ್ರದಂಥ ದನಿ). 1991ರಿಂದ ಇದೇ ಕ್ರಮ. ನಾನು ನೆಚ್ಚಿಕೊಂಡಿರೋದು 53ನ್ನು.

ಅಂಗಡಿಯಲ್ಲಿ ನಡುವಿನ ನಾಲ್ಕು ಕೀ ಒತ್ತಿದರೆ ಎಲ್ಲಾ ಚೆಂದ. ಮೇಲಕ್ಕೆ ಹೋಗಿ ನೋಡಬೇಕು. ನನ್ನದರಲ್ಲಿ ಮೇಲಿನ ಸಿ ದಾಟಿದ ಕೂಡಲೇ ಹೆಂಗಸರ ದನಿ ಪುಟ್ಟ ಮಗುವಿನದಾಗುತ್ತೆ. ಒಂದೇ ರೆಕಾರ್ಡಿಂಗನ್ನು ವೇಗ ಹೆಚ್ಚಿಸಿ ಅಕ್ಕಪಕ್ಕದ ಕೀಗಳಿಗೆ ಹಂಚಿದರೆ ಹೀಗಾಗುತ್ತೆ. ನಾವು ಹಾಡುವಾಗ ಶ್ರುತಿ ಏರಿದರೂ ಗಂಟಲಿನ ಉದ್ದ ಕಡಿಮೆಯಾಗಲ್ಲ. ಇಲ್ಲಿ ಗಂಟಲೇ ಕುಗ್ಗಿದ ಹಾಗೆ ಕೇಳುತ್ತೆ. ಕೆಳಗಿನ ಕೊನೆಯಲ್ಲಂತೂ ಬಾವಿಯೊಳಗಿಂದ ಕೂಗಿದಂತೆ.

ಇನ್ನೊಂದು ತೊಂದರೆ, ಕೀ ಒತ್ತಿ ಹಿಡಿದರೆ ದನಿಯ ನಡುಕ ಅದೇ ಜಾಗಕ್ಕೆ ಬಂದು ಬಂದು ಸುತ್ತುತ್ತೆ. ಮೊದಲ ವರ್ಷ ಇದರಿಂದ ತುಂಬಾ ಬೇಜಾರಾಗಿತ್ತು. ಪರಿಹಾರ ಸಿಕ್ಕಿದ್ದು ಗೌರಿ ಹಬ್ಬಕ್ಕೆ ತವರಿಗೆ ಬಂದ ಆ ಶಿರಾ ಗೆಳತಿಯಿಂದ. ಗಣೇಶನ ಪೆಂಡಾಲಿನಲ್ಲಿ ಸ್ಪೀಕರ್ ಪಕ್ಕ ನಿಂತು ಒಂದು ಹಾಡು ಪೂರ್ತಿ ಕೇಳಿ, "ಕೈ ಎತ್ತೋದೇ ಇಲ್ವಲ್ಲ, ಇದಕ್ಕೆ ಉಸಿರು ಬೇಡ್ವಾ? ಸಾಲಿನ ಕೊನೇಲಿ ಬಿಡಿ, ನಾನೂ ಅಲ್ಲೇ ಬಿಡ್ತಿದ್ದೆ" ಅಂದರು. ಅವತ್ತೇ ಸಸ್ಟೇನ್ ಪೆಡಲ್ (ಬೆರಳು ಎತ್ತಿದರೂ ಸ್ವರ ನಿಲ್ಲದಂತೆ ಹಿಡಿಯುವ ಕಾಲಿನ ಪೆಡಲ್) ಕಿತ್ತಿಟ್ಟೆ. ಸಾಲು ಮುಗಿದಲ್ಲಿ ಅರ್ಧ ಅಕ್ಷರ ಕಾಲ ಬೆರಳು ಎತ್ತುತ್ತೀನಿ. ಅಷ್ಟರಲ್ಲೇ ಯಂತ್ರದ ದನಿ ಜನ ಸೇರಿ ಹಾಡಿದ ಹಾಗಾಯ್ತು. ಜೊತೆಗೆ ಸ್ಟ್ರಿಂಗ್ಸ್ (ಪಿಟೀಲು ಗುಂಪಿನ ದನಿ) ಸಣ್ಣಗೆ ಬೆರೆಸಿದರೆ ಆ ಸುತ್ತುವಿಕೆಯೂ ಮರೆಯಾಗುತ್ತೆ.

ರಾಗದ ವಿಚಾರ. ಹಂಸಧ್ವನಿ, ಮೋಹನಗಳಿಗೆ ಈ ದನಿ ಚೆನ್ನಾಗಿ ಒಗ್ಗುತ್ತೆ, ನಿಂತ ಸ್ವರಗಳೇ ಸಾಕು. ತೋಡಿಗೆ ಕೈ ಹಾಕಬೇಡಿ. ಅಲ್ಲಿನ ಗಾಂಧಾರ ತೂಗಬೇಕು. ಸ್ವರ ಜಾರಿಸುವ ಪಿಚ್ ಬೆಂಡ್ ಚಕ್ರ ತಿರುಗಿಸಿದರೆ ಇಡೀ ಗುಂಪು ಒಟ್ಟಿಗೆ ಜಾರಿದಂತೆ ಕೇಳುತ್ತೆ, ಗಮಕ ಅನ್ನಿಸಲ್ಲ. ನಾನು ಅಂಥ ಕಡೆ ಬರೀ ಷಡ್ಜ ಪಂಚಮ ಹಿಡಿದು ಹಾಡುವವರಿಗೆ ಬಿಟ್ಟುಬಿಡ್ತೀನಿ.

ಪದಗಳನ್ನೇ ಹಾಡುವ ಕೀಬೋರ್ಡೂ ಇದೆ. 2022ರಲ್ಲಿ ಬಂದ ಕ್ಯಾಸಿಯೊ ಸಿಟಿ-ಎಸ್1000ವಿ: ಮೊಬೈಲಿನಲ್ಲಿ ಸಾಹಿತ್ಯ ಬರೆದು ಕಳಿಸಿದರೆ ಒತ್ತಿದ ಕೀಯ ಶ್ರುತಿಗೆ ಉಚ್ಚರಿಸುತ್ತೆ. ಭಾಷೆ ಇಂಗ್ಲಿಷ್ ಮತ್ತು ಜಪಾನೀಸ್. ಕನ್ನಡದ ಳ, ಣ, ಒತ್ತಕ್ಷರಗಳನ್ನು ಬಾಯಿತುಂಬಾ ಹಾಡುವಂಥದ್ದು ಬರಲಿ ಅಂತ ಮನಸಾರೆ ಕಾಯ್ತಿದ್ದೀನಿ, ಏಕೆಂದರೆ ವಚನದಲ್ಲಿ ಮಾತೇ ಮುಖ್ಯ.

ಕೊಳ್ಳೋರಿಗೆ: ಎಕ್ಸ್‌ಪ್ರೆಶನ್ ಪೆಡಲ್ (ಕಾಲಿನಿಂದ ದನಿ ಏರಿಳಿಸುವ ಪೆಡಲ್) ಸಿಕ್ಕಿಸುವ ಜಾಕ್ ಇದೆಯಾ ನೋಡಿ. ದನಿ ಹಿಗ್ಗುತ್ತಾ ಹೋಗಬೇಕಾದರೆ ಅದೇ ಬೇಕು, ನನ್ನದರಲ್ಲಿ ಇಲ್ಲ. ಹಾಡುವವರನ್ನೂ ಅಂಗಡಿಗೆ ಕರ್ಕೊಂಡು ಹೋಗಿ. ಅವರ ಶ್ರುತಿ ಬಿಳಿ 5 (ಸಿ ಇಂದ ಎಣಿಸಿದರೆ ಐದನೇ ಬಿಳಿ ಕೀ) ಆಗಿದ್ದರೆ ಅಲ್ಲಿಂದಲೇ ಶುರು ಮಾಡಿ, ತಾರಸ್ಥಾಯಿಯ ಪಂಚಮದವರೆಗೆ ಒಂದೊಂದೇ ಕೀ ಒತ್ತಿ ಕೇಳಿಸಿ.