ಡಿಸಿ ಗನ್, ಆರ್‌ಎಫ್ ಗನ್: ಎರಡನ್ನೂ ಓಡಿಸಿ ನೋಡಿದ ಮೇಲೆ

ಲೇಸರ್ ಬಿದ್ದ ಕ್ಷಣದಲ್ಲಿ ಹರಳಿನ ಪರಮಾಣುಗಳು ಹೇಗೆ ಕದಲುತ್ತವೆ ಅಂತ ನೋಡಲು ನಾನು ಎರಡು ಬಗೆಯ ಎಲೆಕ್ಟ್ರಾನ್ ಗನ್ ಬಳಸಿದ್ದೇನೆ. ಗನ್ ಹಾರಿಸಿದ ಎಲೆಕ್ಟ್ರಾನ್ ಪಲ್ಸ್ ಸ್ಯಾಂಪಲ್ ಹಾಯ್ದು ಚದುರುತ್ತದೆ, ಡಿಟೆಕ್ಟರ್ ಮೇಲೆ ಮೂಡುವ ಚಿತ್ರದಿಂದ ಪರಮಾಣುಗಳ ಜಾಗ ತಿಳಿಯುತ್ತದೆ. ಒಂದು ಮೇಜಿನ ಮೇಲೆ ಕೂರುವ 100 ಕಿಲೊವೋಲ್ಟ್ ಡಿಸಿ ಗನ್, ಅಂದರೆ ಸ್ಥಿರ ವೋಲ್ಟೇಜಿನಿಂದ ಎಲೆಕ್ಟ್ರಾನ್ ಓಡಿಸುವಂಥದ್ದು. ಇನ್ನೊಂದು ಸುಮಾರು 3 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಕೊಡುವ ಆರ್‌ಎಫ್ ಗನ್, ಅಂದರೆ ರೇಡಿಯೊ ಆವರ್ತನದ ಅಲೆಗಳಿಂದ ಓಡಿಸುವಂಥದ್ದು. ಅದಕ್ಕೆ ಕ್ಲೈಸ್ಟ್ರಾನ್ (ಆ ಅಲೆಗಳಿಗೆ ಬಲ ಕೊಡುವ ನಳಿಕೆ), ಸೀಸದ ತಡೆಗೋಡೆ, ಬೇರೆ ಕಂಟ್ರೋಲ್ ರೂಮ್ ಎಲ್ಲಾ ಬೇಕು. ಯಾವುದು ಮೇಲು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಲೇಸರ್ ಬಿದ್ದ ಮೇಲೂ ನಿಮ್ಮ ಸ್ಯಾಂಪಲ್ ಉಳಿಯುತ್ತದಾ?

ಎರಡರಲ್ಲೂ ಶುರು ಒಂದೇ. ತಾಮ್ರದ ಕ್ಯಾಥೋಡ್‌ಗೆ 266 ನ್ಯಾನೊಮೀಟರ್ ಅತಿನೇರಳೆ ಪಲ್ಸ್ ಬೀಳುತ್ತದೆ, ಎಲೆಕ್ಟ್ರಾನ್‌ಗಳು ಹೊರಬರುತ್ತವೆ. ತೊಂದರೆ ಆಮೇಲೆ. ಅವು ಒಂದನ್ನೊಂದು ತಳ್ಳುತ್ತವೆ, ಪಲ್ಸ್ ದಾರಿಯಲ್ಲೇ ಉದ್ದವಾಗುತ್ತದೆ. ಡಿಸಿ ಗನ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಚಿತ್ರ ಮಂಕಾಗಿದೆ ಅಂತ ಎಲೆಕ್ಟ್ರಾನ್ ಜಾಸ್ತಿ ಮಾಡಿದರೆ ಚಿತ್ರ ಬೆಳಗುತ್ತದೆ, ಆದರೆ ಕೆಲವು ನೂರು ಫೆಮ್ಟೊಸೆಕೆಂಡ್ ಇದ್ದ ಪಲ್ಸ್ ಪಿಕೊಸೆಕೆಂಡ್ (ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು, 1,000 ಫೆಮ್ಟೊಸೆಕೆಂಡ್) ದಾಟುತ್ತದೆ. ಮದ್ದು ಒಂದೇ, ಸ್ಯಾಂಪಲನ್ನು ಆನೋಡ್‌ಗೆ (ಎಲೆಕ್ಟ್ರಾನ್ ಹೊರಬರುವ ಗನ್ನಿನ ಬಾಯಿ) ಆದಷ್ಟು ಹತ್ತಿರ ತರುವುದು. ಆಗ ಕಾಂತದ ಲೆನ್ಸಿಗೆ ಜಾಗ ಇರುವುದಿಲ್ಲ! ಇಂಥ ಗಿಡ್ಡ ಗನ್‌ನಿಂದಲೇ ಟೊರೊಂಟೊದ ತಂಡ 2003ರಲ್ಲಿ ಅಲ್ಯೂಮಿನಿಯಂ ಪದರ 3.5 ಪಿಕೊಸೆಕೆಂಡಿನಲ್ಲಿ ಕರಗುವುದನ್ನು ತೋರಿಸಿತು. ಹಾಗಾಗಿ ಸಣ್ಣದು ಅಂತ ಸುಮ್ನೆ ತಳ್ಳಿಹಾಕಬೇಡಿ.

ಆರ್‌ಎಫ್ ಗನ್‌ನಲ್ಲಿ ಎಲೆಕ್ಟ್ರಾನ್ ಬೆಳಕಿನ ವೇಗದ 99% ಮುಟ್ಟುತ್ತದೆ, ಡಿಸಿಯಲ್ಲಿ 55%ರ ಹತ್ತಿರ. ಆ ವೇಗದಲ್ಲಿ ತಳ್ಳಾಟದ ಪರಿಣಾಮ ತುಂಬಾ ಕಡಿಮೆ. ಒಂದೇ ಪಲ್ಸಿಗೆ ಹತ್ತು ಲಕ್ಷದಷ್ಟು ಎಲೆಕ್ಟ್ರಾನ್ ತುಂಬಿಸಿ, ಒಂದೇ ಹೊಡೆತಕ್ಕೆ ಪೂರ್ತಿ ಚಿತ್ರ ತೆಗೆಯಬಹುದು. ಚಿನ್ನದ ಪದರವನ್ನು ಕರಗಿಸಿ ನೋಡುವಾಗ ಇದಕ್ಕೆ ಸಾಟಿಯಿಲ್ಲ, ಯಾಕೆಂದರೆ ಪ್ರತಿ ಹೊಡೆತಕ್ಕೂ ಪದರ ಕೂತಿರುವ ಜಾಲರಿಯ ಒಂದು ಕಿಟಕಿ ಹಾಳಾಗುತ್ತದೆ. ಅನಿಲದ ಅಣುಗಳಿಗೂ ಇದೇ ಸರಿ. 0.3 ಮಿಲಿಮೀಟರ್ ಅನಿಲ ದಾಟಲು ಬೆಳಕಿಗೆ 1 ಪಿಕೊಸೆಕೆಂಡ್ ಸಾಕು, 100 ಕಿಲೊವೋಲ್ಟ್ ಎಲೆಕ್ಟ್ರಾನ್‌ಗೆ ಸುಮಾರು 1.8 ಬೇಕು. ಆ ವ್ಯತ್ಯಾಸದಲ್ಲೇ ಸಮಯದ ವಿವರ ಕಲಸಿಹೋಗುತ್ತದೆ.

ಆದರೆ ದಿನನಿತ್ಯದ ಕೆಲಸಕ್ಕೆ ಆರ್‌ಎಫ್ ಗನ್ ಕಿರಿಕಿರಿ. ಎಲೆಕ್ಟ್ರಾನಿನ ತರಂಗದೂರ 3.7 ಪಿಕೊಮೀಟರಿನಿಂದ 0.36ಕ್ಕೆ ಇಳಿಯುತ್ತದೆ, ಚದುರುವ ಕೋನಗಳೂ ಹತ್ತರಲ್ಲಿ ಒಂದು ಪಾಲಾಗುತ್ತವೆ. ಡಿಟೆಕ್ಟರ್ ಕೆಲವು ಮೀಟರ್ ದೂರ ಹೋಗಬೇಕು. ಇನ್ನು ಜಿಟ್ಟರ್, ಅಂದರೆ ಪಲ್ಸಿನಿಂದ ಪಲ್ಸಿಗೆ ಹೊತ್ತು ಹಿಂದುಮುಂದಾಗುವುದು. ಆರ್‌ಎಫ್ ಫೇಸ್ (ಅಲೆಯ ಏರಿಳಿತದ ಘಟ್ಟ) ಸ್ವಲ್ಪ ಅಲುಗಿದರೂ ಎಲೆಕ್ಟ್ರಾನ್ ಬರುವ ಹೊತ್ತು ಬದಲಾಗುತ್ತದೆ. ಕೋಣೆಯ ತಾಪಮಾನ ಏರಿಳಿದರೆ ಟೈಮ್ ಝೀರೊ (ಲೇಸರ್, ಎಲೆಕ್ಟ್ರಾನ್ ಎರಡೂ ಸ್ಯಾಂಪಲನ್ನು ಒಟ್ಟಿಗೆ ಮುಟ್ಟುವ ಕ್ಷಣ) ಕೂಡ ಜಾರುತ್ತದೆ. ಡಿಸಿ ಗನ್‌ನಲ್ಲಿ ಬೆಳಿಗ್ಗೆ ಹುಡುಕಿದ ಟೈಮ್ ಝೀರೊ ಸಂಜೆಗೂ ಅಲ್ಲೇ ಇರುತ್ತದೆ. ಇದು ಎಷ್ಟು ದೊಡ್ಡ ಸುಖ ಅಂತ ರಾತ್ರಿ ಪಾಳಿ ಮಾಡಿದವರಿಗೇ ಗೊತ್ತು.

ಡಿಸಿ ಗನ್ ಮುಂದೆ 3 ಗಿಗಾಹರ್ಟ್ಸ್ ಕ್ಯಾವಿಟಿ (ಆರ್‌ಎಫ್ ಅಲೆ ತುಂಬಿದ ಲೋಹದ ಡಬ್ಬಿ) ಇಟ್ಟು ಪಲ್ಸನ್ನು ಮತ್ತೆ ಒತ್ತುವ ದಾರಿಯೂ ಇದೆ. 100 ಫೆಮ್ಟೊಸೆಕೆಂಡ್ ಸಿಗುತ್ತದೆ, ನಿಜ. ಜೊತೆಗೆ ಜಿಟ್ಟರ್ ವಾಪಸ್ ಬರುತ್ತದೆ, ಅಲ್ವಾ? ನನಗೆ ಅದು ಅಷ್ಟಾಗಿ ಹಿಡಿಸಲಿಲ್ಲ.

ಗ್ರಾಫೈಟ್, ಬಿಸ್ಮತ್‌ನಂಥ, ಮತ್ತೆ ಮತ್ತೆ ಬಿಸಿಮಾಡಿದರೂ ಉಳಿಯುವ ಪದರಗಳಿಗೆ ನನ್ನ ಆಯ್ಕೆ ಡಿಸಿ. ಪಲ್ಸಿಗೆ ಕಡಿಮೆ ಎಲೆಕ್ಟ್ರಾನ್ ಇಟ್ಟು, ಸಾವಿರಾರು ಪಲ್ಸ್ ಕೂಡಿಸಿದರೆ ಆಯಿತು. ಒಂದು ಷರತ್ತು ಮಾತ್ರ: ಪದರ 20–30 ನ್ಯಾನೊಮೀಟರಿಗಿಂತ ದಪ್ಪ ಇರಬಾರದು. ಅಷ್ಟು ತೆಳುವಾಗಿ ಮಾಡಲು ಆಗದಿದ್ದರೆ ಸೀದಾ ಆರ್‌ಎಫ್ ಗನ್ನಿಗೆ ಅರ್ಜಿ ಹಾಕಿ. ಅಲ್ಲಿ 100 ನ್ಯಾನೊಮೀಟರ್ ಇದ್ದರೂ ಚಿತ್ರ ಚೆನ್ನಾಗಿಯೇ ಬರುತ್ತದೆ.