ಗ್ರಾಕ್ ಕ್ವೆರಿ ಭಾಷೆ: ಎಂಟು ತಿಂಗಳು ಬಳಸಿದ ಮೇಲೆ

ಬಾಗಲಕೋಟೆಯ ನವನಗರದಲ್ಲಿ ಕೂತು ವೆಬ್‌ಸೈಟ್ ಮಾಡೋದು ನನ್ನ ಕೆಲಸ. ಇಳಕಲ್‌ನ ಸೀರೆ ವ್ಯಾಪಾರಿ ಕಾಕಾ ಒಬ್ಬರ ಸೈಟಿಗೆ ಸ್ಯಾನಿಟಿ (ಸೈಟಿನ ಬರಹ, ಫೋಟೋ ಇಡೋ ಆನ್‌ಲೈನ್ ಸೇವೆ) ಬಳಸಿದೆ. ಅದರಿಂದ ಮಾಹಿತಿ ತೆಗೆಯೋ ಭಾಷೆಯೇ ಗ್ರಾಕ್.

ಮೊದಲ ವಾರವೇ ಕಾಕಾ ಫೋನ್ ಮಾಡಿದರು. "ಅಲ್ಲೋ ತಮ್ಮಾ, ಒಂದೊಂದ್ ಸೀರಿಗೆ ನಾಕ್ ಫೋಟೋ ಕೊಟ್ಟೇನಿ. ಸೆರಗಿಂದು ಎಲ್ಲೈತಿ?"

ತಪ್ಪು ನನ್ನದೇ. 'ಫೋಟೋಸ್[0].ಅಸೆಟ್->ಯುಆರ್‌ಎಲ್' ಅಂತ ಬರೆದಿದ್ದೆ (ಕೋಡ್‌ನಲ್ಲಿ ಇಂಗ್ಲಿಷ್ ಅಕ್ಷರ, ಇಲ್ಲಿ ಓದೋಕೆ ಕನ್ನಡ; ಅಸೆಟ್ ಅಂದರೆ ಚಿತ್ರದ ಫೈಲ್, ಯುಆರ್‌ಎಲ್ ಅಂದರೆ ಅದರ ವಿಳಾಸ). ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಮೊದಲನೇ ಫೋಟೋ ಮಾತ್ರ ಬರುತ್ತಿತ್ತು. ಆ ಸೊನ್ನೆಯನ್ನ ಬ್ರಾಕೆಟ್ ಸಮೇತ ಅಳಿಸಿದೆ. ಇದ್ದ ಒಂದು ಫೋಟೋನೂ ಹೋಯ್ತು! ಫಲಿತಾಂಶದಲ್ಲಿ ಬರೀ ನಲ್, ಅಂದರೆ ಖಾಲಿ. ಎರರ್ ಇಲ್ಲ, ಏನಿಲ್ಲ. ಅರ್ಧ ದಿನ ತಲೆ ಕೆರೆದುಕೊಂಡೆ.

ಅಳಿಸಬೇಕಾಗಿದ್ದು ಸೊನ್ನೆ ಒಂದನ್ನೇ. 'ಫೋಟೋಸ್[].ಅಸೆಟ್->ಯುಆರ್‌ಎಲ್' ಅಂದರೆ ನಾಲ್ಕೂ ಬರುತ್ತವೆ. ಖಾಲಿ [] ಇದ್ದರೆ ಅರೇ (ಸಾಲಾಗಿ ಜೋಡಿಸಿದ ಪಟ್ಟಿ) ಒಳಗಿನ ಒಂದೊಂದನ್ನೂ ಹಿಡಿದು ಮುಂದಿನ ಕೆಲಸ ಮಾಡುತ್ತೆ. ಇಲ್ಲದಿದ್ದರೆ ಅಸೆಟ್ ಎಲ್ಲಿ ಅಂತ ಅರೇನೇ ಕೇಳಿದ ಹಾಗೆ. ಅದು ಇರೋದು ಫೋಟೋಗಳ ಹತ್ತಿರ ಅಲ್ವಾ? ಅರೇ ಇದ್ದಂಗೇ ಸಾಕು ಅಂದರೆ ಬರೀ 'ಫೋಟೋಸ್' ಅಂತ ಬರೆದರೂ ಪೂರ್ತಿ ಬರುತ್ತೆ. ಆದರೆ ಅದರಲ್ಲಿ ಚಿತ್ರದ ವಿಳಾಸ ಇರಲ್ಲ, ಐಡಿ ಮಾತ್ರ ಇರುತ್ತೆ.

ಆ ಬಾಣದ ಗುರುತು ನನಗೆ ತುಂಬಾ ಇಷ್ಟ. ಇಳಕಲ್ ನೇಕಾರರು ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಹಾಗೇ ಇದು ಒಂದು ದಾಖಲೆಯನ್ನು ಇನ್ನೊಂದಕ್ಕೆ ಸೇರಿಸುತ್ತೆ. ಒಂದೇ ಬಣ್ಣದ ಸೀರೆ ಮೂರು ದಡಿಯಲ್ಲಿ ಸಿಗುತ್ತೆ ಅಂದುಕೊಳ್ಳಿ. 'ದಡಿ[]->ಹೆಸರು' ಅಂದರೆ ಗೋಮಿ, ಗಾಡಿ, ಚಿಕ್ಕಿ ಪರಾಸ್, ಮೂರೂ ಸಾಲಾಗಿ ಬರುತ್ತವೆ. ಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್ ಭಾಷೆಯಲ್ಲಿ ಇದಕ್ಕೆ ಜಾಯಿನ್ (ಕೋಷ್ಟಕಗಳನ್ನ ಜೋಡಿಸೋ ಆಜ್ಞೆ) ಮೇಲೆ ಜಾಯಿನ್ ಬರೆಯಬೇಕಿತ್ತು.

ಚುಕ್ಕೆ ಮಾತ್ರ ನೋಡಿಕೊಂಡು ಹಾಕಿ. [0..2] ಅಂದರೆ ಮೂರು ಫೋಟೋ, [0...2] ಅಂದರೆ ಎರಡೇ. ಕಣ್ಣಿಗೆ ವ್ಯತ್ಯಾಸಾನೇ ಗೊತ್ತಾಗಲ್ಲ. ಕ್ವೆರಿನ ಮೊದಲು ಸ್ಟುಡಿಯೋದ (ಸ್ಯಾನಿಟಿಯಲ್ಲಿ ಮಾಹಿತಿ ತುಂಬೋ ಜಾಗ) ವಿಷನ್ ಅನ್ನೋ ಕ್ವೆರಿ ಪರೀಕ್ಷಿಸೋ ಪುಟದಲ್ಲಿ ಓಡಿಸಿ ನೋಡಿ, ಆಮೇಲೆ ಸೈಟಿಗೆ ಹಾಕಿ. ನಾನು ಅದನ್ನು ತೆರೆದೇ ನೋಡಿರಲಿಲ್ಲ.

ಈಗ ಕಾಕಾಗೆ ಸೆರಗಿನ ಫೋಟೋನೇ ಮೊದಲು ಕಾಣಬೇಕಂತೆ. ಅದನ್ನ ಅವರು ಯಾವಾಗಲೂ ಕೊನೆಗೆ ಹಾಕುತ್ತಾರೆ. ಮುಖಪುಟದ ಕ್ವೆರಿಯಲ್ಲಿ [-1] ಅಂತ ಬರೆದೆ, ಬಂತು.